ಅಳಿಸುವ ಗುಂಡಿ

ಫೋನಿಗೆ ಬಂದ ಮೆಸೇಜನ್ನು ಅಳಿಸುವ ಮೊದಲು ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ನಗುವುದಾದರೆ ಈಗಲೇ ನಕ್ಕುಬಿಡಿ, ಮುಂದೆ ಅಷ್ಟು ಅವಕಾಶ ಸಿಗಲಿಕ್ಕಿಲ್ಲ. ಗ್ಯಾಸ್ ಸಿಲಿಂಡರ್ ಬುಕ್ ಆಗಿದೆ, ನಾಳೆ ಹತ್ತು ಗಂಟೆಯಿಂದ ಕರೆಂಟು ಇರುವುದಿಲ್ಲ, ಮೊಮ್ಮಗಳ ಶಾಲೆಗೆ ಶನಿವಾರ ರಜೆ, ಹೀಗೆ ಎಲ್ಲವನ್ನೂ ತಾರೀಖು ಹಾಕಿ ಬರೆದು, ಒಮ್ಮೆ ಓದಿ, ಆಮೇಲೆ ಅಳಿಸುವುದು. ಕಿರಾಣಿ ಅಂಗಡಿಯ ಚೀಟಿ ಹರಿದು ಹಾಕುವಾಗಲೂ ಕೈ ಒಂದು ಗಳಿಗೆ ತಡೆಯುತ್ತದೆ. ಇಂಥ ನೋಟ್‌ಬುಕ್ಕುಗಳು ನಮ್ಮ ಕಪಾಟಿನಲ್ಲಿ ಒಂದು ಹಲಗೆಯ ತುಂಬ ಇವೆ.

"ಅಲ್ರೀ, ಗ್ಯಾಸ್ ಬುಕ್ ಆಗೇದ ಅಂತ ಬರದಿಟ್ಟು ಯಾರಿಗೆ ತೋರಸ್ತೀರಿ? ಚಿತ್ರಗುಪ್ತಗೇನು?" ಎಂದು ನನ್ನ ಹೆಂಡತಿ ಇಂದಿರೆ ಮೊನ್ನೆ ಕೇಳಿದಳು. ಕಪಾಟು ಸ್ವಚ್ಛ ಮಾಡುತ್ತಿದ್ದಳು. ಧೂಳಿಗೆ ಸೀನಿ ಸೀನಿ ಅವಳ ಸಿಟ್ಟು ನೆತ್ತಿಗೇರಿತ್ತು. ನೋಟ್‌ಬುಕ್ಕುಗಳ ಹಿಂದಿನಿಂದ ನಾಲ್ಕು ಮಡಿಕೆ ಮಾಡಿದ ಒಂದು ಹಳೆಯ ಪಂಚಾಂಗದ ಕ್ಯಾಲೆಂಡರನ್ನು ಎಳೆದು ತೆಗೆದು, "ಇದನ್ನಾದ್ರೂ ಒಗೀಲಿ?" ಎಂದಳು.

ನಾನು ಎದ್ದು ಹೋಗಿ ಅದನ್ನು ಅವಳ ಕೈಯಿಂದ ಕಸಿದುಕೊಂಡೆ. ಇಷ್ಟು ವರ್ಷದ ಸಂಸಾರದಲ್ಲಿ ನಾನು ಅವಳ ಕೈಯಿಂದ ಏನನ್ನಾದರೂ ಕಸಿದುಕೊಂಡದ್ದು ಬಹುಶಃ ಅದೇ ಮೊದಲು. ಪಾಪ, ಅವಳು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದಳು.

ಆ ಕ್ಯಾಲೆಂಡರಿನ ಮೂಲೆಗಳಲ್ಲಿ ಗ್ರೀಸಿನ ಬೆರಳಚ್ಚುಗಳಿವೆ. ಪ್ರತಿ ತಿಂಗಳ ಅಮಾವಾಸ್ಯೆಗೆ ಅಚ್ಚಿನವರು ಹಾಕಿದ ಕಪ್ಪು ಚುಕ್ಕೆಯ ಸುತ್ತ ನಾನು ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದೇನೆ. ಬೇರೆ ಬೇರೆ ದಿನಗಳ ಚೌಕದಲ್ಲಿ ಸಣ್ಣ ಅಕ್ಷರದ ಅಂಕಿಗಳಿವೆ. ಒಂದು ಅಮಾವಾಸ್ಯೆಯ ಮರುದಿನದ ಚೌಕದಲ್ಲಿ ಮಾತ್ರ ಅಂಕಿ ಇಲ್ಲ, ಕನ್ನಡದಲ್ಲಿ ಒಂದು ಸಾಲು ಇದೆ. ಆ ಸಾಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಾನು ಯಾರು, ಗ್ರೀಸಿಗೂ ಪಂಚಾಂಗಕ್ಕೂ ಏನು ಸಂಬಂಧ ಎಂದು ಹೇಳಬೇಕು.

ನಮ್ಮದು ಪೂಜೆಯ ಮನೆತನ. ತಂದೆ ಹಂಪಿಯ ಕಡೆ ಒಂದು ಸಣ್ಣ ಗುಡಿಯಲ್ಲಿ ಪೂಜೆ ಮಾಡುತ್ತಿದ್ದರು. ನನಗೆ ಮಂತ್ರ ಬಾಯಿಗೆ ಹತ್ತಲಿಲ್ಲ, ವೈರು ಕೈಗೆ ಹತ್ತಿತು. ಹೊಸಪೇಟೆಯಲ್ಲಿ ಸಂಡೂರು ರಸ್ತೆಯ ಬದಿಗೆ ಗಾಡಿಗಳ ಎಲೆಕ್ಟ್ರಿಕ್ ಕೆಲಸದ ಒಂದು ಶೆಡ್ಡು ಹಾಕಿದೆ. ಬ್ಯಾಟರಿಯ ಆಸಿಡ್ ಬಿದ್ದು ಅಂಗಿಯೆಲ್ಲ ತೂತು. ಅವ್ವ ಆ ತೂತುಗಳನ್ನು ನೋಡಿ, "ಪೂಜಾರಿ ಮಗಾ, ದೀಪಾ ಹಚ್ಚೂದು ಬಿಟ್ಟು ಲಾರಿಗೆ ಲೈಟ್ ಹಚ್ಚಲಿಕ್ಕೆ ಹೋದ್ಯಾ" ಎನ್ನುತ್ತಿದ್ದಳು. ಗಿರಾಕಿಗಳಿಗೆ ಮಾತ್ರ ನಾನು ಆಚಾರ್ರು. ಕೈತುಂಬ ಕಪ್ಪು ಗ್ರೀಸು ಮೆತ್ತಿಕೊಂಡು ಗಾಡಿಯ ಕೆಳಗೆ ಅಂಗಾತ ಮಲಗಿದವನನ್ನು ಡ್ರೈವರುಗಳು "ಆಚಾರ್ರ, ಹೊರಗ ಬರ್ರಿ" ಎಂದು ಬಹುವಚನದಲ್ಲಿ ಕರೆಯುತ್ತಿದ್ದರು.

ಅದು ಗಣಿಯ ಕಾಲ. ಸಂಡೂರಿನ ಗುಡ್ಡದಿಂದ ಅದಿರು ಹೊತ್ತ ಲಾರಿಗಳು ಸಾಲುಗಟ್ಟಿ ಇಳಿಯುತ್ತಿದ್ದವು. ಕೆಂಪು ಧೂಳು ಎಲ್ಲಿ ಕೂತಿರಲಿಲ್ಲ ಹೇಳಿ? ರಸ್ತೆ ಬದಿಯ ಗಿಡದ ಎಲೆ ಕೆಂಪು, ಒಣಹಾಕಿದ ಧೋತರ ಕೆಂಪು, ಹೋಟೆಲಿನ ಒಗ್ಗರಣೆ ಮಂಡಕ್ಕಿಯ ತಟ್ಟೆಯ ಅಂಚೂ ಕೆಂಪು. ಅಕ್ಕಿ ಗಿರಣಿ ಇಟ್ಟವರು, ಬಟ್ಟೆ ಅಂಗಡಿ ಇಟ್ಟವರು ಎಲ್ಲರೂ ಲಾರಿ ಕೊಂಡರು, ತಾವು ಓಡಾಡಲು ದೊಡ್ಡ ದೊಡ್ಡ ಬಿಳಿ ಗಾಡಿ ಕೊಂಡರು. ಕೆಂಪು ಊರಿನಲ್ಲಿ ಬಿಳಿ ಗಾಡಿಯೇ ಯಾಕೆ ಬೇಕು ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆ ಹೊಸ ಗಾಡಿಗಳಲ್ಲಿ ಕಂಪ್ಯೂಟರ್ ಇತ್ತು. ಊಟದ ಡಬ್ಬಿಯಷ್ಟು ದೊಡ್ಡ ಅಲ್ಯೂಮಿನಿಯಂ ಪೆಟ್ಟಿಗೆ, ಬಾನೆಟ್ಟಿನ ಕೆಳಗೆ ಒಂದು ಮೂಲೆಯಲ್ಲಿ. ಎಂಜಿನ್ನಿಗೆ ಯಾವಾಗ ಎಷ್ಟು ಡೀಸೆಲ್ ಕೊಡಬೇಕು ಎಂದು ತೀರ್ಮಾನಿಸುವುದು ಅದೇ. ಎಲ್ಲಾದರೂ ಏನಾದರೂ ತಪ್ಪಿದರೆ ಆ ತಪ್ಪಿನ ನಂಬರನ್ನು ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಗಾಡಿ ಎಷ್ಟು ಜೋರಿತ್ತು, ಎಂಜಿನ್ ಎಷ್ಟು ಬಿಸಿ ಇತ್ತು ಎಂಬುದನ್ನೂ ಜೊತೆಗೆ ಬರೆದಿಡುತ್ತದೆ. ಅದನ್ನು ಓದಬೇಕೆಂದರೆ ಸ್ಕ್ಯಾನರ್ ಬೇಕು. ನಮ್ಮ ರಸ್ತೆಯಲ್ಲಿ ಮೊದಲು ಸ್ಕ್ಯಾನರ್ ತಂದವನು ನಾನು. ಅವ್ವ ಅದಕ್ಕೆ ಕುಂಕುಮ ಹಚ್ಚಿ ಊದುಬತ್ತಿ ಬೆಳಗಿದಳು. ಕುಂಕುಮ ಒಂದು ಗುಂಡಿಯ ಸಂದಿಗೆ ಇಳಿದು, ಆಮೇಲೆ ಆ ಗುಂಡಿಯನ್ನು ಎರಡೆರಡು ಸಲ ಒತ್ತಬೇಕಾಗುತ್ತಿತ್ತು.

ನನ್ನ ಜಂಭ ಆಗ ಕೇಳಬೇಡಿ. ಗಿರಾಕಿಗಳ ಮುಂದೆ ಸ್ಕ್ಯಾನರನ್ನು ತೊಡೆಯ ಮೇಲಿಟ್ಟುಕೊಂಡು, "ಮನುಷ್ಯಾ ಸುಳ್ಳ ಹೇಳಬೌದ್ರಿ, ಇದು ಹೇಳಂಗಿಲ್ಲ" ಎನ್ನುತ್ತಿದ್ದೆ. ಎಲ್ಲರೂ ತಲೆ ಆಡಿಸುತ್ತಿದ್ದರು. ಆ ಮಾತನ್ನು ಎಷ್ಟು ಸಲ ಆಡಿದೆನೋ, ಅಷ್ಟೂ ಸಲ ನಾಲಿಗೆ ಕಚ್ಚಿಕೊಳ್ಳಬೇಕಿತ್ತು.

ನನ್ನ ಕೆಲಸದ ಕ್ರಮ ಹೀಗಿತ್ತು. ಗಾಡಿ ಬಂದ ಕೂಡಲೇ ಸ್ಕ್ಯಾನರ್ ಜೋಡಿಸಿ, ಒಳಗೆ ಏನೇನು ನಂಬರುಗಳಿವೆಯೋ ಎಲ್ಲವನ್ನೂ ಮೊದಲು ಅಳಿಸಿಬಿಡುವುದು. ಆಮೇಲೆ ಎಂಜಿನ್ ಚಾಲೂ ಮಾಡಿ, ಯಾವ ನಂಬರು ಮತ್ತೆ ಬರುತ್ತದೋ ಅದನ್ನಷ್ಟೇ ನಂಬುವುದು. ಇದರಲ್ಲಿ ಅರ್ಥವಿಲ್ಲ ಎನ್ನಬೇಡಿ. ಹಿಂದಿನ ಮೆಕ್ಯಾನಿಕ್ ಯಾವುದೋ ವೈರು ಕಳಚಿದ್ದು, ಬ್ಯಾಟರಿ ಬದಲಿಸಿದ್ದು, ಎಲ್ಲವೂ ಒಳಗೆ ತಪ್ಪೆಂದೇ ದಾಖಲಾಗಿರುತ್ತದೆ. ಆ ಕಸವನ್ನು ಗುಡಿಸದೆ ನಿಜವಾದ ರೋಗ ಕಾಣುವುದಿಲ್ಲ. ಆದರೆ ಗುಡಿಸುವ ಮೊದಲು ಒಮ್ಮೆ ನೋಡಬೇಕಲ್ಲ, ಅದಷ್ಟು ಮಾಡುತ್ತಿರಲಿಲ್ಲ.

ಈ ಚಟ ಹುಟ್ಟಿನಿಂದಲೇ ಬಂದದ್ದು ಕಾಣುತ್ತದೆ. ಹಂಪಿಯ ಶಾಲೆಯಲ್ಲಿ ನನಗೆ ಲೆಕ್ಕ ಬರುತ್ತಿರಲಿಲ್ಲ. ಕಿಸೆಯಲ್ಲಿ ಸದಾ ತೊಂಡೆ ಎಲೆ ಇರುತ್ತಿತ್ತು. ಮೇಷ್ಟ್ರು ಎರಡು ಮಣೆ ಆಚೆ ಇರುವಾಗಲೇ ಸ್ಲೇಟನ್ನು ಹಸಿರು ರಸ ಬರುವಂತೆ ತಿಕ್ಕಿ ಒರೆಸಿ, "ಈಗ ಬರೀತೀನ್ರಿ ಸಾರ್" ಎಂದು ಖಾಲಿ ಸ್ಲೇಟು ತೋರಿಸುತ್ತಿದ್ದೆ. ಒಂದು ದಿನ ಅವರು ರೂಲುಪಟ್ಟಿಯಿಂದ ಅಂಗೈಗೆ ಎರಡು ಬಿಟ್ಟು ಹೇಳಿದರು: "ಲೆಕ್ಕಾ ತಪ್ಪಿದ್ದಕ್ಕ ಹೊಡಿಲಿಲ್ಲಲೇ. ನಾ ನೋಡೂದ್ರಾಗ ಒರಸಿದಿ ನೋಡು, ಅದಕ್ಕ ಹೊಡದೆ." ಅಂಗೈ ಉರಿದದ್ದು ನೆನಪಿದೆ. ಮಾತು ಮಾತ್ರ ನಲವತ್ತು ವರ್ಷ ತಲೆಗೆ ಇಳಿಯಲಿಲ್ಲ.

ಈಗ ನಿಂಗಪ್ಪನ ವಿಷಯ.

ನಿಂಗಪ್ಪ ಮೆಟ್ರಿಯವನು. ಕಂಪ್ಲಿಯ ಚನ್ನಬಸಪ್ಪ ಸಾವ್ಕಾರ್ರ ಮನೆಯಲ್ಲಿ ಹದಿನಾಲ್ಕು ವರ್ಷದಿಂದ ಡ್ರೈವರ್. ಸಾವ್ಕಾರ್ರದು ಮೊದಲು ಅಕ್ಕಿ ಗಿರಣಿ, ಆಮೇಲೆ ಅದಿರಿನ ಲಾರಿಗಳು. ನಿಂಗಪ್ಪ ಮಾತು ಕಡಿಮೆ, ಕೈ ಚೊಕ್ಕ. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ತೊಳೆದು ಪೂಜೆ ಮಾಡುವುದು ನಿಮಗೆ ಗೊತ್ತಿದ್ದದ್ದೇ. ಉಳಿದ ಡ್ರೈವರುಗಳು ಮೇಲೆ ಮೇಲೆ ನೀರು ಚೆಲ್ಲಿ, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆದು ಮುಗಿಸುತ್ತಿದ್ದರು. ನಿಂಗಪ್ಪ ಹಾಗಲ್ಲ. ಗಿರಣಿಯ ಪಂಪಿಗೆ ಪೈಪು ಹಚ್ಚಿ, ಬಾನೆಟ್ ಎತ್ತಿ, ಎಂಜಿನ್ನಿನ ಸಂದಿ ಸಂದಿಯಲ್ಲಿ ಕೂತ ಕೆಂಪು ಧೂಳನ್ನು ರಭಸದ ನೀರಿನಿಂದ ಹೊರಡಿಸುತ್ತಿದ್ದ. ಕೊನೆಗೆ ಕಂಪ್ಯೂಟರ್ ಪೆಟ್ಟಿಗೆಗೆ ಮೂರು ಬೆರಳು ವಿಭೂತಿ ಎಳೆದು ಕೈಮುಗಿಯುತ್ತಿದ್ದ. ಒಮ್ಮೆ ನಾನು ಬಾನೆಟ್ ತೆರೆದು ನೋಡಿ, ಉಳಿದ ಡ್ರೈವರುಗಳಿಗೆ ಕೇಳುವಂತೆ, "ನೋಡ್ರಲೇ, ನಿಂಗಪ್ಪನ ಎಂಜಿನ್ ಮ್ಯಾಲೆ ಎಲಿ ಹಾಕ್ಕೊಂಡು ಉಣಬೌದು" ಎಂದಿದ್ದೆ. ಅವನು ನಾಚಿ ನಕ್ಕಿದ್ದ. ಆ ಹೊಗಳಿಕೆಯ ನಂತರ ಇನ್ನೂ ಹೆಚ್ಚು ತೊಳೆದಿರಬೇಕು.

ಅಮಾವಾಸ್ಯೆಯ ದಿನ ಸಾವ್ಕಾರ್ರ ಮನೆಯವರು ದೂರ ಹೋಗುತ್ತಿರಲಿಲ್ಲ. ಹೋಗುವುದಿದ್ದರೆ ಮರುದಿನ. ಹಾಗೊಂದು ಮರುದಿನ ಸಾವ್ಕಾರ್ರ ತಾಯಿ ಸಂಡೂರಿನಲ್ಲಿದ್ದ ಮಗಳನ್ನು ನೋಡಲು ಹೋದರು. ಊರೆಲ್ಲ ಅವರನ್ನು ಅಮ್ಮಾರು ಎನ್ನುತ್ತಿತ್ತು. ಎಪ್ಪತ್ತು ದಾಟಿದ ಜೀವ, ಒಂದು ಕಣ್ಣಿಗೆ ಪೊರೆ ಬಂದಿತ್ತು. ಹಿಂದಿನ ಸೀಟಿನಲ್ಲಿ ಕೂತರೆ ತಲೆ ತಿರುಗುತ್ತದೆ ಎಂದು ಯಾವಾಗಲೂ ಡ್ರೈವರಿನ ಪಕ್ಕದಲ್ಲೇ ಕೂರುವವರು. ವಾಪಸು ಬರುವಾಗ ಇಳಿಜಾರಿನ ತಿರುವಿನಲ್ಲಿ ಎಂಜಿನ್ ಒಮ್ಮೆಲೇ ನಿಂತಿತು. ಇಂಥ ಗಾಡಿಯಲ್ಲಿ ಎಂಜಿನ್ ನಿಂತರೆ ಬ್ರೇಕು ಕಲ್ಲಾಗುತ್ತದೆ, ಸ್ಟೇರಿಂಗ್ ಬಿಗಿಯುತ್ತದೆ. ನಿಂಗಪ್ಪ ಎದುರಿನಿಂದ ಬರುತ್ತಿದ್ದ ಲಾರಿಯನ್ನು ಹೇಗೋ ತಪ್ಪಿಸಿ, ಗಾಡಿಯನ್ನು ಬದಿಯ ಮೋಟುಗೋಡೆಗೆ ಉಜ್ಜಿ ನಿಲ್ಲಿಸಿದ. ಅಮ್ಮಾರ ಎಡಗೈ ಮುರಿಯಿತು. ಜೀವ ಉಳಿಯಿತು.

ಮೂರನೆಯ ದಿನ ಗಾಡಿಯನ್ನು ಎಳೆಸಿಕೊಂಡು ನನ್ನ ಶೆಡ್ಡಿಗೆ ತಂದರು. ಸಾವ್ಕಾರ್ರೇ ಬಂದಿದ್ದರು, ಮುಖ ಕೆಂಡವಾಗಿತ್ತು. ಸುತ್ತ ಆರೇಳು ಮಂದಿ ಡ್ರೈವರುಗಳು ನಿಂತಿದ್ದರು. ನಿಂಗಪ್ಪ ಕಂಬಕ್ಕೆ ಆತು ನಿಂತಿದ್ದ, ಹಣೆಗೆ ಪಟ್ಟಿ ಕಟ್ಟಿತ್ತು.

"ಇವ ಇಳಿಜಾರಿನ್ಯಾಗ ಕೀಲಿ ಬಂದ್ ಮಾಡ್ಯಾನ್ರಿ ಆಚಾರ್ರ" ಎಂದರು ಸಾವ್ಕಾರ್ರು. "ಡೀಸೆಲ್ ಉಳಿಸಿ ಹೊರಗ ಮಾರಾಕ. ಹದಿನಾಕು ವರ್ಷ ಮನಿ ಮಗ ಅಂತ ಇಟ್ಕೊಂಡಿದ್ದೆ."

ಇದು ಬರೀ ಬಾಯಿಗೆ ಬಂದ ಮಾತಲ್ಲ. ಹಳೆಯ ಲಾರಿಯ ಡ್ರೈವರುಗಳಲ್ಲಿ ಆ ರೂಢಿ ಇತ್ತು. ಇಳಿಜಾರು ಬಂದರೆ ಎಂಜಿನ್ ಬಂದ್ ಮಾಡಿ ಗಾಡಿಯನ್ನು ತಾನೇ ಇಳಿಯಲು ಬಿಡುವುದು, ಉಳಿದ ಡೀಸೆಲ್ಲನ್ನು ರಸ್ತೆ ಬದಿಯಲ್ಲಿ ಮಾರುವುದು. ಆದ್ದರಿಂದ ಮಾತು ಎಲ್ಲರಿಗೂ ನಂಬುವ ಹಾಗಿತ್ತು.

ನಿಂಗಪ್ಪ ಅಷ್ಟೇ ಹೇಳಿದ: "ನಾ ಕೀಲಿ ಮುಟ್ಟಿಲ್ರಿ ಯಪ್ಪಾ. ತಾನ ಬಂದ್ ಆತು. ಆಚಾರ್ರ ಮಷಿನ್ ಹಚ್ಚಿ ನೋಡ್ಲಿ, ಅದು ಹೇಳಿದಂಗ."

"ಆತು, ಅದು ಹೇಳಿದಂಗ" ಎಂದರು ಸಾವ್ಕಾರ್ರು.

ಇಲ್ಲಿ ನಿಮಗೆ ಒಂದು ವಿಷಯ ತಿಳಿದಿರಬೇಕು. ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಿದರೆ ಕಂಪ್ಯೂಟರ್ ಏನೂ ಬರೆಯುವುದಿಲ್ಲ, ಅದು ತಪ್ಪಲ್ಲ. ಓಡುತ್ತಿರುವಾಗ ವೈರಿನ ಸಂಪರ್ಕ ತಪ್ಪಿ ನಿಂತರೆ ಬರೆದೇ ಬರೆಯುತ್ತದೆ. ಅಂದರೆ ನಿಂಗಪ್ಪನ ಮಾನ ಆ ಡಬ್ಬಿಯೊಳಗೆ ಒಂದು ಸಾಲಾಗಿ ಕೂತಿತ್ತು. ಓದಿದ್ದರೆ ಸಾಕಿತ್ತು.

ನಾನು ಸ್ಕ್ಯಾನರ್ ಜೋಡಿಸಿದೆ. ಪರದೆಯ ಮೇಲೆ ಎರಡು ಸಾಲು ಬಂದವು. ಅಷ್ಟು ಮಂದಿ ನೋಡುತ್ತಿದ್ದಾರೆ ಎಂಬ ಗತ್ತಿನಲ್ಲಿ, ದಿನವೂ ಮಾಡುವ ಹಾಗೆ, ಕಣ್ಣು ಆ ಸಾಲುಗಳ ಮೇಲೆ ಇಡುವ ಮೊದಲೇ ಹೆಬ್ಬೆರಳು ಅಳಿಸುವ ಗುಂಡಿಯನ್ನು ಒತ್ತಿತು. ಅದು ಕುಂಕುಮ ಕೂತ ಗುಂಡಿ. ಒಂದು ಸಲ ಒತ್ತಿದರೆ ಆಗುತ್ತಿರಲಿಲ್ಲ. ನಾನು ಎರಡನೆಯ ಸಲವೂ ಒತ್ತಿದೆ.

ಎಂಜಿನ್ ಚಾಲೂ ಆಯಿತು, ಒಂದಿಷ್ಟೂ ತೊದಲದೆ ಓಡಿತು. ಮತ್ತೆ ಓದಿಸಿದೆ. ಯಾವ ದೋಷವೂ ಇಲ್ಲ ಎಂದು ಬಂತು.

ಆಗಷ್ಟೇ ನನಗೆ ಹೊಳೆಯಿತು. ಸಾವ್ಕಾರ್ರು ನನ್ನ ಹೆಗಲ ಮೇಲಿಂದ ಬಗ್ಗಿ ಪರದೆ ನೋಡಿದರು. "ದೋಷ ಇಲ್ಲ ಅಂತೈತಲ್ರಿ?"

"ಹೌದ್ರಿ, ಈಗ ಇಲ್ಲ" ಎಂದೆ. "ಈಗ" ಎನ್ನುವಾಗ ನನ್ನ ದನಿ ಎಷ್ಟು ಸಣ್ಣದಾಗಿತ್ತೆಂದರೆ ನನಗೇ ಕೇಳಿಸಲಿಲ್ಲ.

ಸಾವ್ಕಾರ್ರು ನೆಟ್ಟಗೆ ನಿಂತು ನಿಂಗಪ್ಪನ ಕಡೆ ತಿರುಗಿದರು. "ಮನುಷ್ಯಾ ಸುಳ್ಳ ಹೇಳಬೌದು, ಇದು ಹೇಳಂಗಿಲ್ಲ. ಆಚಾರ್ರ ಮಾತದು. ಕಳ್ಳ ನನಮಗನ, ನಮ್ಮವ್ವನ್ನ ಕೊಲ್ಲತಿದ್ದೆಲ್ಲೋ!"

ನಾನು ಬಾಯಿ ತೆರೆಯಬಹುದಿತ್ತು. ಸಾವ್ಕಾರ್ರ, ನಾನು ನೋಡದೆ ಅಳಿಸಿದೆ, ಒಳಗೆ ಏನೋ ಇತ್ತು, ಎಂದು ಮೂರು ಮಾತು. ಆರೇಳು ಡ್ರೈವರುಗಳ ಮುಂದೆ ಆಚಾರ್ರಿಗೆ ಕೆಲಸ ಬರುವುದಿಲ್ಲ ಎಂದಾಗುತ್ತದಲ್ಲ, ಆ ನಾಚಿಕೆಗೆ ಸ್ಕ್ಯಾನರಿನ ವೈರು ಸುತ್ತತೊಡಗಿದೆ. ನಿಂಗಪ್ಪ ಸಾವ್ಕಾರ್ರನ್ನು ನೋಡಲಿಲ್ಲ, ನನ್ನನ್ನು ನೋಡಿದ. ಸಿಟ್ಟಿನಿಂದಲ್ಲ. ನನ್ನ ಮಷಿನ್ನಿನ ಮೇಲೆ ಅವನಿಗೆ ನನಗಿಂತ ಹೆಚ್ಚು ನಂಬಿಕೆ ಇತ್ತು, ಅದಕ್ಕೇ ತನ್ನ ನೆನಪೇ ತಪ್ಪೇನೋ ಎಂದು ಅನುಮಾನ ಬಂದವನ ಹಾಗೆ ನೋಡಿದ. ಆಮೇಲೆ ಗಾಡಿಯಿಂದ ಕೀಲಿಗೊಂಚಲು ತೆಗೆದು ಬಾನೆಟ್ಟಿನ ಮೇಲಿಟ್ಟು, ಅದಕ್ಕೆ ಕೈಮುಗಿದು, ಬಸ್‌ಸ್ಟ್ಯಾಂಡಿನ ಕಡೆ ನಡೆದುಹೋದ.

ಸಂಡೂರಿನಿಂದ ಕಂಪ್ಲಿಯವರೆಗೆ ಆ ಮಾತು ಹಬ್ಬಿತು. ಯಾರೂ ಅವನಿಗೆ ಗಾಡಿ ಕೊಡಲಿಲ್ಲ. ನಾನು ಎಂದಿನಂತೆ ಮಿರ್ಚಿ ತಿಂದೆ, ಚಹಾ ಕುಡಿದೆ, ಗಾಡಿ ರಿಪೇರಿ ಮಾಡಿದೆ. ಒಂದೇ ಬದಲಾವಣೆ ಎಂದರೆ ಅಂದಿನಿಂದ ಅಳಿಸುವ ಮೊದಲು ನಂಬರು ಬರೆಯತೊಡಗಿದೆ. ಹತ್ತಿರ ಕಾಗದವಿರಲಿಲ್ಲ, ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತು. ಆಯಾ ದಿನದ ಚೌಕದಲ್ಲೇ ಗೀಚುತ್ತಿದ್ದೆ.

ಎರಡು ತಿಂಗಳಾದ ಮೇಲೆ ಅದೇ ಬಿಳಿ ಗಾಡಿ ಹೊಸ ಡ್ರೈವರಿನೊಂದಿಗೆ ಬಂತು. ಮಾರ್ಕೆಟ್ಟಿನ ಮುಂದೆ ತಾನೇ ಬಂದ್ ಆಯಿತಂತೆ. ನಂಬರು ಓದಿದೆ. ಎಂಜಿನ್ ತಿರುಗುತ್ತಿದೆಯೋ ಇಲ್ಲವೋ ಎಂದು ಹೇಳುವ ಸೆನ್ಸರಿನ ಸುದ್ದಿ ಕಂಪ್ಯೂಟರಿಗೆ ಒಂದು ಕ್ಷಣ ತಪ್ಪಿತ್ತು. ಸೆನ್ಸರ್ ಬದಲಿಸಿದೆ. ಮುಂದಿನ ತಿಂಗಳು ಮತ್ತೆ ಬಂತು, ಅದೇ ನಂಬರು. ವೈರು ತಡಕಿದೆ, ಏನೂ ಸಿಗಲಿಲ್ಲ. ಎರಡು ದಿನ ಶೆಡ್ಡಿನಲ್ಲಿ ಇಟ್ಟುಕೊಂಡರೆ ಗಾಡಿ ತಾನೇ ಗುಣವಾಗಿಬಿಡುತ್ತಿತ್ತು. ನಾಲ್ಕನೆಯ ತಿಂಗಳು ಗಾಡಿ ಮತ್ತೆ ಬಂದಾಗ ನಂಬರು ಬರೆಯಲು ಪೆನ್ನು ಹಿಡಿದು ಕ್ಯಾಲೆಂಡರಿನ ಮುಂದೆ ನಿಂತವನು ಹಾಗೇ ನಿಂತೆ. ಅವತ್ತು ಅಮಾವಾಸ್ಯೆಯ ಮರುದಿನ, ಹಾಳೆ ತಿರುವಿ ನೋಡಿದರೆ ಹಿಂದಿನ ಎರಡು ಸಲವೂ ಆ ಗಾಡಿಯ ನಂಬರು ಅಮಾವಾಸ್ಯೆಯ ಕಪ್ಪು ಚುಕ್ಕೆಯ ಪಕ್ಕದ ಚೌಕದಲ್ಲೇ ಇತ್ತು. ಇನ್ನೂ ಹಿಂದಿನ ಹಾಳೆಗಳನ್ನು ತಿರುವಿದೆ. ಅಮ್ಮಾರ ಕೈ ಮುರಿದ ದಿನವೂ ಅಮಾವಾಸ್ಯೆಯ ಮರುದಿನವೇ. ಆ ಚೌಕ ಖಾಲಿ ಇತ್ತು.

ಪೂಜಾರಿಯ ಮಗನಿಗೆ ಮೈ ಜುಮ್ಮೆಂದದ್ದು ನಿಜ. ಆಮೇಲೆ ಬುದ್ಧಿ ಕೆಲಸ ಮಾಡಿತು. ಅಮಾವಾಸ್ಯೆಗೆ ಗಾಡಿಗೆ ಏನಾಗುತ್ತದೆ? ತೊಳೆಯುತ್ತಾರೆ. ಹೊಸ ಡ್ರೈವರೂ ಗಿರಣಿಯ ಅದೇ ಪೈಪಿನಿಂದ ತೊಳೆಯುತ್ತಿದ್ದ. ಕಂಪ್ಯೂಟರ್ ಪೆಟ್ಟಿಗೆಗೆ ವೈರುಗಳು ಸೇರುವ ಸಾಕೆಟ್ ಕಳಚಿ ಸೂರ್ಯನ ಬೆಳಕಿಗೆ ಹಿಡಿದೆ. ರಬ್ಬರ್ ಸಡಿಲಾಗಿತ್ತು. ಒಳಗೆ ಅದಿರಿನ ಧೂಳು ನೀರು ಕುಡಿದು ಕೆಂಪು ಕೆಸರಾಗಿ ಕೂತಿತ್ತು, ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಒದ್ದೆ ಇರುವಾಗ ಸುದ್ದಿ ತಪ್ಪುತ್ತದೆ, ಒಣಗಿದರೆ ಸರಿಯಾಗುತ್ತದೆ. ನಿಂಗಪ್ಪ ಕೀಲಿ ಮುಟ್ಟಿರಲಿಲ್ಲ. ನಿಂಗಪ್ಪ ಮುಟ್ಟಿದ್ದು ನೀರಿನ ಪೈಪನ್ನು.

ಸಾವ್ಕಾರ್ರಿಗೆ ಫೋನು ಮಾಡಿ ಹೇಳಿದೆ. ಎಷ್ಟು ಹೇಳಿದೆ ಎಂದರೆ, ಸಾಕೆಟ್ಟಿನಲ್ಲಿ ನೀರು ಹೋಗಿತ್ತು, ಅವತ್ತೂ ಅದೇ ಆಗಿರಬಹುದು ಎಂಬಷ್ಟು. ಅಳಿಸಿದ್ದನ್ನು ಹೇಳಲಿಲ್ಲ. ಅವರು, "ಹೌದಾ? ಹೋಗ್ಲಿ ಬಿಡ್ರಿ, ಆಗಿದ್ದು ಆತು" ಎಂದು ಫೋನಿಟ್ಟರು. ನಾನೂ ಇಟ್ಟೆ. ಒಂದು ತಿಂಗಳು ಇಟ್ಟೇ ಇದ್ದೆ. ಅನ್ನ ರುಚಿಸುತ್ತಿರಲಿಲ್ಲ. ಇಂದಿರೆ ಸಕ್ಕರೆ ಕಾಯಿಲೆಯೇನೋ ಎಂದು ರಕ್ತ ಪರೀಕ್ಷೆ ಮಾಡಿಸಿದಳು.

ಕೊನೆಗೆ ಒಂದು ಭಾನುವಾರ ಸ್ಕೂಟರ್ ಹತ್ತಿ ಮೆಟ್ರಿಗೆ ಹೋದೆ. ನಿಂಗಪ್ಪ ಕಾಲುವೆಯ ಬದಿಯ ಗದ್ದೆಯಲ್ಲಿ ಅಣ್ಣನ ಜೊತೆ ಭತ್ತದ ಕಳೆ ಕೀಳುತ್ತಿದ್ದ. ನನ್ನನ್ನು ಕಂಡು ಕೈ ತೊಳೆದುಕೊಂಡು ಬಂದ. "ಬರ್ರಿ ಆಚಾರ್ರ, ಕುಂದ್ರಿ" ಎಂದು ತನ್ನ ಟವೆಲನ್ನೇ ಬದುವಿನ ಮೇಲೆ ಹಾಸಿದ. ಆ ಟವೆಲಿನ ಮೇಲೆ ಕೂರಲು ನನಗೆ ಆಗಲಿಲ್ಲ. ನಿಂತೇ ಎಲ್ಲ ಹೇಳಿದೆ. ಎರಡು ಸಾಲು ಬಂದದ್ದು, ಓದದೆ ಅಳಿಸಿದ್ದು, ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡದ್ದು.

ನಿಂಗಪ್ಪ, "ಅಂದ್ರ ನಾ ಖರೇನ ಮುಟ್ಟಿದ್ದಿಲ್ಲ" ಎಂದ. ಐದು ತಿಂಗಳು ಅದೊಂದನ್ನೇ ತನಗೆ ತಾನೇ ಕೇಳಿಕೊಂಡಿರಬೇಕು. ಆಮೇಲೆ, "ಮತ್ತ ಯಾಕ ಬಂದ್ ಆತ್ರಿ?" ಎಂದ.

ಇಲ್ಲಿ ನಾನು ಸುಳ್ಳು ಹೇಳಬಹುದಿತ್ತು. ಧೂಳು ಎಂದರೆ ಮುಗಿಯುತ್ತಿತ್ತು, ನಮ್ಮ ಕಡೆ ಧೂಳಿನ ಮೇಲೆ ಏನು ಹೊರಿಸಿದರೂ ಹೊರುತ್ತದೆ. ಆದರೆ ಅವನಿಂದ ಒಂದು ಸಾಲನ್ನು ಆಗಲೇ ಕಸಿದಿದ್ದೆ. "ನೀರು, ನಿಂಗಪ್ಪ. ಅಮಾವಾಸಿ ನೀರು. ಹಂಗ ತೊಳೀಬಾರ್ದು ಅಂತ ಹೇಳಬೇಕಾದಾಂವ ನಾನು, ಹೊಗಳಿಬಿಟ್ಟೆ" ಎಂದೆ.

ಅವನ ಮುಖ ಬಾಡಿತು. "ಹಂಗಾದ್ರ ಅಮ್ಮಾರ ಕೈ ಮುರದದ್ದು ನನ್ನಿಂದನ ಆತಲ್ರಿ" ಎಂದ. ಗೂಟಕ್ಕೆ ಹಾಕಿದ್ದ ಅಂಗಿ ತೊಟ್ಟುಕೊಂಡ. "ನಡ್ರಿ, ಕಂಪ್ಲಿಗೆ ಹೋಗೂಣು. ಅಮ್ಮಾರಿಗೆ ಹೇಳಬೇಕು."

"ಈಗಲೇ ಏನು?"

"ಮತ್ತ ಯಾವಾಗ್ರಿ?"

ನಾನು ಐದು ತಿಂಗಳು ತೆಗೆದುಕೊಂಡ ಕೆಲಸಕ್ಕೆ ಅವನು ಒಂದು ಅಂಗಿ ಹಾಕಿಕೊಳ್ಳುವಷ್ಟು ಹೊತ್ತು ತೆಗೆದುಕೊಂಡ. ಸ್ಕೂಟರಿನ ಮೇಲೆ ನನ್ನ ಹಿಂದೆ ಕೂತ. ನನಗೆ ನಾಚಿಕೆಯಿಂದ ಕಣ್ಣು ತುಂಬಿ ದಾರಿ ಮಸುಕಾಗುತ್ತಿತ್ತು.

ಅಮ್ಮಾರು ಪಡಸಾಲೆಯಲ್ಲಿ ಕೂತಿದ್ದರು, ಎಡಗೈ ಸೊಟ್ಟಗೆ ಕೂಡಿತ್ತು. ಸಾವ್ಕಾರ್ರು ಪೇಪರ್ ಓದುತ್ತಿದ್ದವರು ಹುಬ್ಬು ಗಂಟಿಕ್ಕಿದರು. ನಿಂಗಪ್ಪ ಅವರನ್ನು ದಾಟಿ ಹೋಗಿ ಅಮ್ಮಾರ ಪಾದದ ಹತ್ತಿರ ಕೂತ. "ಅಮ್ಮಾರೇ, ಕೀಲಿ ನಾ ಮುಟ್ಟಿಲ್ರಿ. ಆದ್ರ ನೀರ ನಾ ಹಾಕೀನಿ. ಎಂಜಿನ್ನಿಗೆ ಪೈಪ್ ಬಿಟ್ಟು ತೊಳದೀನಿ, ಅದಕ್ಕ ಬಂದ್ ಆಗೇತಿ. ತಪ್ಪು ನಂದು."

"ಎಲ್ಲೀ ತಪ್ಪೋ! ಅಮಾಸಿಗೆ ಗಾಡಿ ಲಕಲಕ ಅನಬೇಕು, ತೊಳಿ ತೊಳಿ ಅಂತ ಬೆನ್ನ ಹತ್ತಿದಾಕಿ ನಾನಲ್ಲೇನು?" ಎಂದರು ಅಮ್ಮಾರು. ಮಗನ ಕಡೆ ತಿರುಗಿದರು. "ನಾ ಆಸ್ಪತ್ರ್ಯಾಗ ಮಲಕೊಂಡು ಹೇಳೀನಿ ನಿನಗ, ಅವನ ಎರಡೂ ಕೈ ಸ್ಟೇರಿಂಗ್ ಮ್ಯಾಲೆ ಇದ್ವು ಅಂತ. ನಿನಗ ಕಣ್ಣ ಕಾಣಂಗಿಲ್ಲ ಸುಮ್ನಿರವ್ವ, ಮಷಿನ್ ಹೇಳೇತಿ ಅಂದಿ. ಒಂದ ಕಣ್ಣ ಕಾಣಂಗಿಲ್ಲೋ, ಇನ್ನೊಂದು ಐತಿ!"

ಅಂದರೆ ಸಾಕ್ಷಿ ಇತ್ತು. ಮೊದಲ ದಿನದಿಂದಲೂ ಇತ್ತು. ನನ್ನ ಮಷಿನ್ನಿನ ಮಾತು ಬಂದದ್ದರಿಂದ ಅವರ ಮಾತಿಗೆ ಬೆಲೆ ಹೋಗಿತ್ತು. ಇನ್ನು ನಿಲ್ಲಲಾಗದೆ ನಾನೂ ಬಾಯಿ ಬಿಟ್ಟೆ. ಸಾವ್ಕಾರ್ರ ಮುಖ ನೋಡದೆ, ಅಮ್ಮಾರ ಸೊಟ್ಟ ಕೈ ನೋಡುತ್ತ, ಮಷಿನ್ ಏನೂ ಹೇಳಿರಲಿಲ್ಲ, ಅದು ಹೇಳುವ ಮೊದಲೇ ನಾನು ಅಳಿಸಿದ್ದೆ ಎಂದೆ.

ಸಾವ್ಕಾರ್ರು ಪೇಪರ್ ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಅಮ್ಮಾರು ಕೇಳಿದರು: "ಅಳಿಸಿದ್ದನ್ನ ಮತ್ತ ಬರಿಯಾಕ ಬರೂದಿಲ್ಲೇನಪಾ ಆ ಮಷಿನ್‌ದಾಗ?"

"ಬರೂದಿಲ್ರಿ ಅಮ್ಮಾರೇ."

"ಹಂಗಾರ ಮಂದಿ ಮುಂದ ಅಳಿಸಿದ್ದನ್ನ ಮಂದಿ ಮುಂದನ ಬರಿಯೂಣು ನಡಿ."

ಮರುದಿನ ಬೆಳಿಗ್ಗೆ, ಡ್ರೈವರುಗಳು ಒಗ್ಗರಣೆ ಮಂಡಕ್ಕಿ ತಿನ್ನಲು ಸೇರುವ ಹೊತ್ತಿಗೆ, ಬಿಳಿ ಗಾಡಿ ನನ್ನ ಶೆಡ್ಡಿನ ಮುಂದೆ ನಿಂತಿತು. ಸಾವ್ಕಾರ್ರು ಬಂದಿರಲಿಲ್ಲ. ಅಮ್ಮಾರು ಬಂದಿದ್ದರು. ಮುಂದಿನ ಸೀಟಿನಿಂದ ಇಳಿದು, ನಾನು ಕೊಟ್ಟ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ನಾನು ಹೇಳಿಕಳಿಸಿದಂತೆ ಬಂದು ಅದೇ ಕಂಬಕ್ಕೆ ಆತು ನಿಂತಿದ್ದ ನಿಂಗಪ್ಪನನ್ನು ಹತ್ತಿರ ಕರೆದರು. ಮೊದಲು ನಾನು ಹೇಳಬೇಕಾದ್ದನ್ನು ಹೇಳಿದೆ. ಕೈಯಲ್ಲಿ ತಟ್ಟೆ ಹಿಡಿದವರು ತಿನ್ನುವುದನ್ನು ನಿಲ್ಲಿಸಿದರು. ಆಮೇಲೆ ಅಮ್ಮಾರು ಆ ಸೊಟ್ಟ ಕೈಯನ್ನೇ ಎತ್ತಿ, "ಕೇಳ್ರಪ್ಪಾ. ನಾ ಇವನ ಬಾಜೂಕ ಕುಂತಿದ್ದೆ. ಇವನ ಎರಡೂ ಕೈ ಸ್ಟೇರಿಂಗ್ ಮ್ಯಾಲೆ ಇದ್ವು. ಇವ ಇರಲಿಕ್ರ ನಾ ಇವತ್ತು ಇಲ್ಲಿ ಕುಂದರತಿದ್ದಿಲ್ಲ" ಎಂದರು.

ಒಬ್ಬ ವಯಸ್ಸಾದ ಲಾರಿ ಡ್ರೈವರು ತನ್ನ ತಟ್ಟೆಯಿಂದ ಒಂದು ಮಿರ್ಚಿ ತೆಗೆದು ನಿಂಗಪ್ಪನ ಮುಂದೆ ಹಿಡಿದ. ನಿಂಗಪ್ಪ ಅದನ್ನು ತೆಗೆದುಕೊಂಡು, ತಿನ್ನಲಾರದೆ, ಕೈಯಲ್ಲೇ ಹಿಡಿದು ಅತ್ತ.

ಅವನು ಮತ್ತೆ ಸಾವ್ಕಾರ್ರ ಗಾಡಿ ಹತ್ತಲಿಲ್ಲ. ಕರೆದರೂ ಹೋಗಲಿಲ್ಲ. ಮೆಟ್ರಿಯಲ್ಲಿ ಯಾರದೋ ಟ್ರ್ಯಾಕ್ಟರ್ ಓಡಿಸಿದ, ಅಮಾವಾಸ್ಯೆಗೆ ಅದರ ಎಂಜಿನ್ನನ್ನು ಒಣ ಬಟ್ಟೆಯಿಂದ ಒರೆಸಿದ. ಗಣಿಯ ಗದ್ದಲ ಅಡಗಿತು, ಬಿಳಿ ಗಾಡಿಗಳು ಒಂದೊಂದಾಗಿ ಮಾರಾಟವಾದವು. ಅಮ್ಮಾರು ಹೋದರು. ಕಳೆದ ವರ್ಷ ನಿಂಗಪ್ಪನೂ ಹೋದ. ಆ ಸುದ್ದಿಯ ಮೆಸೇಜನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಆದರೆ ಅಳಿಸಲಿಲ್ಲ.

ಅಂದು ಅಮ್ಮಾರು ಗಾಡಿ ಹತ್ತಿ ಹೊರಟ ಮೇಲೆ ನಾನು ಕ್ಯಾಲೆಂಡರಿನ ಐದು ಹಾಳೆ ಹಿಂದಕ್ಕೆ ತಿರುವಿದ್ದೆ. ಆ ಖಾಲಿ ಚೌಕದಲ್ಲಿ ಬರೆಯಲು ನನ್ನ ಹತ್ತಿರ ನಂಬರು ಇರಲಿಲ್ಲ, ಅದು ಇನ್ನು ಯಾರಿಗೂ ಸಿಗುವುದಿಲ್ಲ. ನಿಂಗಪ್ಪ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಮೇಷ್ಟ್ರ ಮುಂದೆ ಸ್ಲೇಟು ಹಿಡಿದವನ ಹಾಗೆ, ಅವನಿಗೆ ಕಾಣುವಂತೆ, ಒಂದೊಂದೇ ಅಕ್ಷರ ಬರೆದೆ. ಇಂದಿರೆ ಮೊನ್ನೆ ಒಗೆಯಲು ಹೊರಟಿದ್ದ ಆ ಹಾಳೆಯಲ್ಲಿ, ಅಮಾವಾಸ್ಯೆಯ ಮರುದಿನದ ಚೌಕದಲ್ಲಿ, ಅದು ಈಗಲೂ ಇದೆ: ನಿಂಗಪ್ಪ ಕೀಲಿ ಮುಟ್ಟಿಲ್ಲ.